ಸೌತೆಕಾಯಿ ವಾಸನೆಯ ಮೀನು

ತೆರ್ವಾ ಸರೋವರ
17 ಫೆಬ್ರವರಿ 1991

ಪ್ರಿಯ ರೊಸೇರ್,

ನಿನ್ನ ಎರಡು ಕಾಗದಗಳೂ ತಲುಪಿವೆ. ಕ್ರಿಸ್‌ಮಸ್ಸಿಗೆ ಮುಂಚೆ ಬಂದದ್ದೂ, ಆಮೇಲೆ "ಐಲಿ, ನಿನ್ನ ಕೈಗೇನಾದರೂ ಲಕ್ವ ಹೊಡೆದಿದೆಯಾ?" ಎಂದು ಕೇಳಿ ಬರೆದದ್ದೂ. ಲಕ್ವ ಹೊಡೆದಿಲ್ಲ. ತಡವಾದದ್ದನ್ನು ಹೊಟ್ಟೆಗೆ ಹಾಕಿಕೋ. ಬರೆಯಲು ಕೂತಾಗಲೆಲ್ಲ ಏನಾದರೊಂದು ಕೆಲಸ ನೆನಪಾಗುತ್ತಿತ್ತು, ನೆನಪಾಗದಿದ್ದರೆ ನಾನೇ ಹುಡುಕಿಕೊಳ್ಳುತ್ತಿದ್ದೆ. ಸೊಂಟದ ಆಪರೇಷನ್ ಸರಿಯಾಗಿ ಆಯಿತೆಂದು ಓದಿ ಸಮಾಧಾನವಾಯಿತು. ಆದರೆ ಮಗಳ ಮನೆಯಲ್ಲಿ ಕೂತು ಉಣ್ಣುವುದನ್ನು ತೀರ ಅಭ್ಯಾಸ ಮಾಡಿಕೊಳ್ಳಬೇಡ. ಹರ್ಸ್ಟ್‌ನ ನಿಮ್ಮ ಫ್ರೆಂಚ್ ಜನ ಬೆಣ್ಣೆಯನ್ನು ಸೌಟಿನಲ್ಲಿ ಬಡಿಸುತ್ತಾರೆಂದು ಕೇಳಿದ್ದೇನೆ. ನೀನು ದಪ್ಪಗಾದರೆ ಆ ಹೊಸ ಸೊಂಟ ನಿನ್ನನ್ನು ಹೊರುವುದಿಲ್ಲ.

ನೀನು ಎರಡು ಪ್ರಶ್ನೆ ಕೇಳಿದ್ದೀಯ. ಮೇ ತಿಂಗಳಲ್ಲಿ ಮಂಜುಗಡ್ಡೆ ಒಡೆದ ಕೂಡಲೇ ಊರಿಗೆ ಬಂದು ನಿನ್ನ ಗಾಳದ ಎರೆಮೀನಿನ ಅಂಗಡಿ ತೆರೆಯಲೇ ಎನ್ನುವುದು ಒಂದು. ಎರಡನೆಯದನ್ನು ಕಾಗದದ ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿದ್ದೀಯ: ಬಂದರೆ ನನ್ನ ಕಾಫಿ ಬಟ್ಟಲನ್ನು ತಂದು ನಿನ್ನ ಅಡುಗೆಮನೆಯ ಗೂಡಿನಲ್ಲಿ ಇಡುತ್ತೇನೆಯೇ ಎಂದು. ಮದುವೆಯ ಮಾತೇ ಇಲ್ಲದೆ ಐವತ್ತೆಂಟು ವರ್ಷ ಕಳೆದ ಹೆಂಗಸಿಗೆ ಹೀಗೆ ಬರೆಯಲು ನಾಚಿಕೆಯಾಗಲಿಲ್ಲವೇ? ಅದನ್ನು ಓದುತ್ತ ನಿಂತು ಒಲೆಯ ಮೇಲಿನ ಹಾಲನ್ನೆಲ್ಲ ಉಕ್ಕಿಸಿದೆ. ನಿನ್ನ ಹೆಂಡತಿ ಜೆನೀನ್ ತೀರಿಕೊಂಡು ಆರು ವರ್ಷವಾಯಿತು, ಈ ಮಾತನ್ನು ಹೊರಗೆ ತರಲು ನಿನಗೆ ಅಷ್ಟೂ ವರ್ಷ ಬೇಕಾಯಿತೇ ಎಂದು ಆಮೇಲೆ ಬೈದುಕೊಂಡೆ. ಉತ್ತರ ಹೇಳುತ್ತೇನೆ. ಮೊದಲು ಇಲ್ಲಿಯ ಸುದ್ದಿ ಕೇಳು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದ ಕೇಳುವುದು ಒಳ್ಳೆಯದು.

ಅಮ್ಮ ಚೆನ್ನಾಗಿದ್ದಾಳೆ. ಎಂಬತ್ತಾರು ತುಂಬಿದ ಮೇಲೆ ಮೊಣಕಾಲು ಮಾತ್ರ ಮಾತು ಕೇಳುತ್ತಿಲ್ಲ, ನಾಲಿಗೆಗೆ ಏನೂ ಆಗಿಲ್ಲ. ಈಗಲೂ ಸಕ್ಕರೆಯ ತುಂಡನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಸಾಸರಿನಲ್ಲೇ ಕಾಫಿ ಹೀರುತ್ತಾಳೆ. ಕಿಟಕಿಯ ಪಕ್ಕ ಕೂತು ಮಂಜುಗಡ್ಡೆಯಲ್ಲಿ ತೂತು ಕೊರೆದು ಗಾಳ ಬಿಡುವ ಮೀನುಗುಡಿಸಲುಗಳನ್ನು ಕಾಯುತ್ತಾಳೆ. ಯಾವನು ತಡವಾಗಿ ಬಂದ, ಯಾವನು ಮೂರನೇ ಮೀನನ್ನು ಕೋಟಿನೊಳಗೆ ಅಡಗಿಸಿದ ಎಂದು ನಮಗೆ ವರದಿ ಒಪ್ಪಿಸುತ್ತಾಳೆ. ಅಪ್ಪ ಮರ ಕಡಿಯುವ ಕ್ಯಾಂಪಿನಲ್ಲಿ ಸತ್ತ ವರ್ಷ ನಮ್ಮನ್ನು ಸಾಕಿದ್ದು ಈ ನೀರು ತಾನೆ? "ಕೆರೇನೇ ನನ್ನ ಎರಡನೇ ಗಂಡ. ಮೊದಲನೆಯವನು ಕುಡೀತಿದ್ದ, ಇವನು ಕುಡಿಸ್ತಾನೆ" ಎಂದು ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ. ಮನೆಗೆ ವಾರಕ್ಕೆ ಎರಡೇ ಟ್ರೌಟ್ ಮೀನು ಎಂಬ ಕಟ್ಟಳೆ ಅವಳದು. ಚಿಕ್ಕ ಮೀನನ್ನು ತೂತಿನಿಂದ ಮೇಲೆತ್ತಬಾರದು, ಚಳಿಗಾಳಿ ತಾಗಿದರೆ ಅದರ ಕಣ್ಣು ಹೆಪ್ಪುಗಟ್ಟುತ್ತದೆ, ನೀರಿನೊಳಗೇ ಕೈಬಿಟ್ಟು ಗಾಳ ಬಿಡಿಸಬೇಕು ಎಂದು ಇಡೀ ಊರಿನ ಬೆರಳು ಮರಗಟ್ಟಿಸಿದವಳೂ ಅವಳೇ.

ಈ ಚಳಿಗಾಲದ ಮೊದಲಲ್ಲಿ ಎಲ್ಲರ ಮುಖದಲ್ಲೂ ಮದುವೆಮನೆಯ ಕಳೆಯಿತ್ತು. ಸಿಕ್ಕಿದ ಒಂದೊಂದು ಟ್ರೌಟೂ ಕೊಬ್ಬಿ ಹೊಟ್ಟೆ ಜೋತುಬಿದ್ದಿತ್ತು. ನಾವು ನಿಯಮ ಪಾಲಿಸಿದ್ದಕ್ಕೆ ಸರೋವರ ಕೊಟ್ಟ ಬಹುಮಾನ ಎಂದು ಟೌನೊ ಅಣ್ಣ ಬೀಗುತ್ತಿದ್ದ. ಸರೋವರ ಸಂಘದ ಅಧ್ಯಕ್ಷನಲ್ಲವೇ, ಮೀನು ಕೊಬ್ಬಿದರೂ ಅವನದೇ ಸಾಧನೆ. ಅಮ್ಮ ಮಾತ್ರ ಮರಿಗಳೆಲ್ಲಿ ಎಂದು ಕೇಳುತ್ತಿದ್ದಳು. ನಿಜವಾಗಿಯೂ ಈ ವರ್ಷ ನೀರಿನಲ್ಲೇ ಬಿಟ್ಟುಬಿಡುವಂಥ ಚಿಕ್ಕ ಮೀನು ಒಬ್ಬರ ಗಾಳಕ್ಕೂ ಬಿದ್ದಿರಲಿಲ್ಲ.

ಜನವರಿಯಲ್ಲಿ ಒಂದು ದಿನ ಅಣ್ಣನಿಗೆ ಊಟ ಕೊಡಲು ಗುಡಿಸಲಿಗೆ ಹೋಗಿದ್ದೆ. ನೀನೂ ಅವನೂ ಮೂವತ್ತು ವರ್ಷ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ ಗುಡಿಸಲು ಅದು, ನಿನ್ನ ಸ್ಟೂಲಿನ ಮೇಲೆ ನಾನು ಕೂತೆ. ಆಗಲೇ ಗಾಳಕ್ಕೆ ದೊಡ್ಡದೊಂದು ಟ್ರೌಟ್ ಬಿತ್ತು. ತೂತಿನಲ್ಲಿ ಅದರ ಮೈ ಸಿಕ್ಕಿಕೊಂಡು, ಅಂಚನ್ನು ಹಾರೆಯಿಂದ ಒಡೆಯಬೇಕಾಯಿತು. ಬಕೆಟ್ಟಿಗೆ ಹಿಡಿಸದ ಮೀನು, ಅಲ್ಲೇ ಕೊಯ್ದ. ತಗಡಿನ ಒಲೆಯ ಹೊಗೆ, ಸೀಮೆಎಣ್ಣೆ, ಒದ್ದೆ ಉಣ್ಣೆ, ಇವುಗಳ ನಡುವೆ ಆಗತಾನೆ ಹೆಚ್ಚಿದ ಸೌತೆಕಾಯಿಯ ವಾಸನೆ ಎದ್ದಿತು.

ಅದು ಯಾವುದರ ವಾಸನೆಯೆಂದು ಎರೆಮೀನು ಮಾರುವ ನಿನಗೆ ನಾನು ಹೇಳಬೇಕಾಗಿಲ್ಲ. ಟ್ರೌಟಿನ ಹೊಟ್ಟೆ ತುಂಬ ಸ್ಮೆಲ್ಟ್. ಬೆರಳುದ್ದದ ಬೆಳ್ಳಿಮೀನುಗಳು. ಸುಪೀರಿಯರ್ ಮಹಾಸರೋವರದಲ್ಲಿ ಮೊಗೆದಷ್ಟೂ ಸಿಗುವಂಥವು, ನಮ್ಮ ತೆರ್ವಾದಲ್ಲಿ ಎಂದೂ ಇರದಿದ್ದವು. ದೊಡ್ಡ ಟ್ರೌಟ್ ಅವನ್ನು ತಿಂದು ಕೊಬ್ಬುತ್ತದೆ, ಅವು ಟ್ರೌಟಿನ ಮರಿಗಳನ್ನು ಮೊಟ್ಟೆಯೊಡೆಯುತ್ತಿದ್ದಂತೆ ತಿಂದು ಮುಗಿಸುತ್ತವೆ. ಬೇರೆ ಸರೋವರಗಳಲ್ಲಿ ಹೀಗಾದ ಕಥೆಯನ್ನು ನಮಗೆ ಹೇಳಿದವನೇ ನೀನು. ಅಣ್ಣ ಚಾಕು ಹಿಡಿದುಕೊಂಡು ಬಹಳ ಹೊತ್ತು ಕೂತ.

ಆ ಬೆಳ್ಳಿಮೀನುಗಳನ್ನು ಮನೆಗೆ ತಂದು ತಟ್ಟೆಯಲ್ಲಿ ಅಮ್ಮನ ಮುಂದಿಟ್ಟ. ಅವಳು ಕನ್ನಡಕ ಹಾಕಿಕೊಂಡು ನೋಡಿದಳು, ಬೆರಳಿಂದ ಮುಟ್ಟಿ ಮೂಸಿದಳು. ಅತ್ತಳು ರೊಸೇರ್. ಅಪ್ಪನ ಮಣ್ಣಿನಲ್ಲೂ ಅಳದವಳು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು: "ಯಾವನು ಮಾಡಿದನೋ, ಅವನ ಕೈ ಬಿದ್ದುಹೋಗ್ಲಿ."

ಜನವರಿ ಕೊನೆಗೆ ಸಂಘದ ಸಭೆ ಸೇರಿತ್ತು. ಯಾರಾದರೂ ತಂದು ಹಾಕದೆ ಈ ಮೀನು ಬರುವುದಿಲ್ಲ, ಹಾಗಾದರೆ ಯಾರು ಎಂಬುದೇ ಚರ್ಚೆ. ಜೀವಂತ ಮೀನಿನ ತೊಟ್ಟಿ ಇಟ್ಟುಕೊಂಡವನು ಊರಿಗೆಲ್ಲ ನೀನೊಬ್ಬನೇ. ನೀನು ಊರಲ್ಲಿಲ್ಲ ಬೇರೆ. ಇಲ್ಲದವನ ಮೇಲೆ ಹೇಳುವುದು ಸುಲಭ. ಅವನು ಜನ್ಮದಲ್ಲಿ ಸ್ಮೆಲ್ಟ್ ಮಾರಿದವನಲ್ಲ, ಇಲ್ಲಿ ಜೀವಂತ ಎರೆ ಬಳಸಬಾರದೆಂಬ ಬೋರ್ಡನ್ನು ತನ್ನ ವ್ಯಾಪಾರಕ್ಕೇ ಕಲ್ಲು ಹಾಕಿಕೊಂಡು ನೆಟ್ಟವನು ಅವನು ಎಂದು ನಾನು ಎದ್ದುನಿಂತು ಹೇಳಿದೆ. ಹಿಂದಿನ ಬೆಂಚಿನಿಂದ ಯಾರೋ, "ಅದಕ್ಕೇ ಹೇಳೋದು, ಬೇಲೀನೇ ಎದ್ದು ಹೊಲ ಮೇಯ್ತು ಅಂತ" ಎಂದರು. ಎಲ್ಲರೂ ಅಣ್ಣನ ಮುಖ ನೋಡಿದರು. ಅವನು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಮೇಜನ್ನು ನೋಡುತ್ತ, "ಅವನ ತೊಟ್ಟಿಯಲ್ಲಿ ಏನೇನಿತ್ತೋ, ನಾನು ಇಣುಕಿ ನೋಡಿಲ್ಲ" ಎಂದ. ಮೂವತ್ತು ವರ್ಷದ ಗೆಳೆಯ ಅಷ್ಟು ಹೇಳಿದರೆ ಸಾಲದೇ? ನಿನ್ನ ಲೈಸೆನ್ಸನ್ನು ಈ ವರ್ಷ ನವೀಕರಿಸಬಾರದೆಂದು ಮೀನುಗಾರಿಕೆ ಇಲಾಖೆಗೆ ಬರೆಯುವುದೆಂದಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಇದು ತಡಕ್ಕೆ ಕಾರಣ. ಅಣ್ಣನೊಂದಿಗೆ ನಾನು ಮಾತು ಬಿಟ್ಟಿದ್ದೇನೆ, ಉಪ್ಪು ಬೇಕಾದರೂ ಅಮ್ಮನ ಮೂಲಕ ಕೇಳುತ್ತೇನೆ. ಇಲಾಖೆಯಿಂದ ಯಾರೋ ಪರೀಕ್ಷೆಗೆ ಬರುತ್ತಾರಂತೆ. ಅವರು ನಿಜ ಹೇಳುತ್ತಾರೆ. ಆಮೇಲೆ ನೀನು ತಲೆಯೆತ್ತಿಕೊಂಡು ಬಾ. ಗೂಡಿನ ವಿಷಯ ಆಗ ನೋಡೋಣ.

ದೇವರು ನಿನ್ನ ಸೊಂಟ ಕಾಯಲಿ,
ಐಲಿ

~

ತೆರ್ವಾ ಸರೋವರ
10 ಮಾರ್ಚ್ 1991

ಪ್ರಿಯ ರೊಸೇರ್,

ಈ ಸಲ ತಡ ಮಾಡುತ್ತಿಲ್ಲ. ಬೈಗುಳ ಇರುತ್ತದೆಂದು ನಿನ್ನ ಕಾಗದವನ್ನು ಅಂಚೆಪೆಟ್ಟಿಗೆಯ ಹತ್ತಿರವೇ, ಚಳಿಯಲ್ಲೇ ನಿಂತು ಒಡೆದೆ. ಬೈಗುಳ ಇರಲಿಲ್ಲ. "ಟೌನೊ ನಿಜವಾಗಿ ಹಾಗಂದನಾ?" ಎಂದು ಒಂದೇ ಪುಟದಲ್ಲಿ ಮೂರು ಕಡೆ ಕೇಳಿದ್ದೀಯ. ಬೈದಿದ್ದರೆ ವಾಸಿಯಿತ್ತು.

ಇಲಾಖೆಯವರು ಬಂದು ಹೋದರು. ಬಂದದ್ದು ಲೋರ್ನಾ ಎಂಬ ಹುಡುಗಿ, ತನ್ನ ತೂಕಕ್ಕಿಂತ ಹೆಚ್ಚು ತೂಕದ ಸಾಮಾನು ಎಳೆದುಕೊಂಡು. ಚಳಿಗಾಲದಲ್ಲಿ ಇಲ್ಲಿ ಯಾವ ವಸತಿಗೃಹ ತೆರೆದಿರುತ್ತದೆ? ನಮ್ಮ ಮನೆಯಲ್ಲೇ ಉಳಿದಳು. ಹಗಲೆಲ್ಲ ಬೈರಿಗೆಯಲ್ಲಿ ಮಂಜುಗಡ್ಡೆ ಕೊರೆದು ಅಡಿಯಲ್ಲಿ ಬಲೆ ಹಾಯಿಸುವುದು, ಕತ್ತಲಾದ ಮೇಲೆ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಮೀನಿನ ತಲೆ ಸೀಳುವುದು. ಟ್ರೌಟಿನ ಕಿವಿಯೊಳಗೆ ಅಕ್ಕಿಕಾಳಿನಷ್ಟು ಕಲ್ಲಿರುತ್ತದಂತೆ. ಅಡ್ಡ ಕೊಯ್ದು ಭೂತಗನ್ನಡಿಯಲ್ಲಿ ನೋಡಿದರೆ ಮರದ ಬುಡದಲ್ಲಿದ್ದ ಹಾಗೆ ವರ್ಷಕ್ಕೊಂದು ಬಳೆ. ಒಂದು ಹೆಣ್ಣು ಟ್ರೌಟಿಗೆ ಮೂವತ್ತೊಂದು ವರ್ಷವೆಂದು ಹೇಳಿದಾಗ ಅಮ್ಮ, "ನಮ್ಮ ಐಲಿಗಿಂತ ಎಷ್ಟು ಚಿಕ್ಕದು, ಆದ್ರೂ ಮಕ್ಕಳುಮರಿ ಮಾಡ್ಕೊಂಡಿತ್ತು ನೋಡು" ಎಂದಳು. ಆ ಹುಡುಗಿಗೆ ನಮ್ಮ ಫಿನ್ನಿಷ್ ಭಾಷೆ ಬಾರದ್ದು ನನ್ನ ಪುಣ್ಯ. ನಾನು ಅದನ್ನು ತರ್ಜುಮೆ ಮಾಡಲಿಲ್ಲ.

ಅವಳು ಅಳೆದು ನೋಡಿದ್ದರ ಸಾರ ಇಷ್ಟು. ತೆರ್ವಾದಲ್ಲಿ ಏಳು ವರ್ಷಕ್ಕಿಂತ ಚಿಕ್ಕ ಟ್ರೌಟ್ ಬಲೆಗೆ ಒಂದೂ ಬೀಳಲಿಲ್ಲ. ತೊಟ್ಟಿಲು ಕಟ್ಟದ ಊರಾಗಿದೆ. ಈಗಿರುವ ಹಿರಿಯ ಮೀನುಗಳು ಪ್ರತಿ ಶರತ್ಕಾಲದಲ್ಲಿ ಕಲ್ಲುಗಳ ನಡುವೆ ಮೊಟ್ಟೆಯಿಡುತ್ತಲೇ ಇವೆ, ಮರಿಗಳು ಹುಟ್ಟುತ್ತಲೂ ಇವೆ, ವಸಂತ ಮುಗಿಯುವುದರೊಳಗೆ ಒಂದೂ ಉಳಿಯುತ್ತಿಲ್ಲ. ಯಾರೂ ಸಾಕಿ ಬಿಟ್ಟ ಮೀನಲ್ಲ ನಮ್ಮದು. ಈ ಬಂಡೆಗಳ ಮೇಲಿನ ಹಿಮ ಕರಗಿದ ಕಾಲದಿಂದ ಇದೇ ನೀರಿನಲ್ಲಿ ಹುಟ್ಟಿ ಇದರಲ್ಲೇ ಸತ್ತ ಕುಲ. ಇನ್ನು ಇಪ್ಪತ್ತು ವರ್ಷದಲ್ಲಿ ಮುಗಿಯುತ್ತದೆ. ಏನು ಮಾಡಬಹುದು ಎಂದು ಕೇಳಿದೆ. ಬಲೆ ಹಾಕಿ ಸ್ಮೆಲ್ಟ್ ತೆಗೆದರೆ? ತೆಗೆದಷ್ಟೂ ಹುಟ್ಟುತ್ತದೆ. ವಿಷ ಹಾಕಿದರೆ? ಟ್ರೌಟೂ ಸಾಯುತ್ತದೆ. ಎಲ್ಲ ಮುಗಿದ ಮೇಲೆ ಇಲಾಖೆಯವರು ತೊಟ್ಟಿಯಲ್ಲಿ ಬೆಳೆಸಿದ ಮೀನು ತಂದು ಬಿಡಬಹುದಂತೆ. "ಈ ಮೀನು ಉಳಿಸೋಕೆ ಏನೂ ಮಾಡೋಕಾಗಲ್ಲ" ಎಂದು ಆ ಹುಡುಗಿ ತಲೆ ತಗ್ಗಿಸಿ ಹೇಳಿದಳು, ಅವಳೇ ತಪ್ಪು ಮಾಡಿದ ಹಾಗೆ.

ಈಗ ನಿನ್ನ ವಿಷಯ. ಹೊರಡುವ ದಿನ ಬೆಳಗ್ಗೆ ನಾವು ಮೂವರು ಹೆಂಗಸರು ಕಾಫಿಗೆ ಕೂತಿದ್ದೆವು, ಅಣ್ಣ ಸೌದೆ ತರಲು ಹೋಗಿದ್ದ. ಎರೆಮೀನಿನ ಅಂಗಡಿಯವನಿಂದ ಇದಾಗಿರಬಹುದೇ ಎಂದು ನಾನು ನೇರವಾಗಿ ಕೇಳಿದೆ. ಅವಳು ಇಲ್ಲವೆನ್ನುವಂತೆ ಕೈಯಾಡಿಸಿದಳು. ಸ್ಮೆಲ್ಟ್ ಬಕೆಟ್ಟಿನಲ್ಲಿ ಜೀವಸಹಿತ ಉಳಿಯುವ ಮೀನೇ ಅಲ್ಲ, ಅದನ್ನು ಯಾವ ಅಂಗಡಿಯವನೂ ತೊಟ್ಟಿಯಲ್ಲಿ ಇಡುವುದಿಲ್ಲ. ಹೆಚ್ಚಿನ ಸರೋವರಗಳಿಗೆ ಅದು ಬಂದದ್ದು ತೊಳೆಯುವುದರಿಂದ. ಮೇ ತಿಂಗಳಲ್ಲಿ ಸುಪೀರಿಯರಿನ ತೊರೆಗಳಿಗೆ ಸ್ಮೆಲ್ಟ್ ಬರುವುದೇ ಮೊಟ್ಟೆಯಿಡಲು. ಜನ ಮೊಗೆದು ಬಕೆಟ್ಟಿಗೆ ಸುರಿಯುತ್ತಾರೆ, ಗಂಡೂ ಹೆಣ್ಣೂ ಒಂದರ ಮೇಲೊಂದು. ಅಲ್ಲೇ ಮೊಟ್ಟೆ ಫಲ ಕಟ್ಟಿಬಿಡುತ್ತದೆ. ಮೀನು ಸತ್ತರೂ ಮೈಗಂಟಿದ ಮೊಟ್ಟೆ ಸಾಯುವುದಿಲ್ಲ. ಮನೆಗೆ ತಂದು ತಮ್ಮ ಸರೋವರದ ದಡದಲ್ಲಿ ತೊಳೆಯುತ್ತಾರೆ. ಎಷ್ಟೋ ವರ್ಷ ಏನೂ ಆಗದಿರಬಹುದು, ಒಂದು ವರ್ಷ ಮೊಟ್ಟೆ ಬದುಕಿಕೊಂಡರೆ ಅಷ್ಟು ಸಾಕು.

ಅಮ್ಮನಿಗೆ ಇಂಗ್ಲಿಷ್ ಅರ್ಧಂಬರ್ಧ. ಸ್ಮೆಲ್ಟ್ ಎಂಬ ಪದ ಕೇಳಿ ಸಾಸರಿನಿಂದ ಮುಖ ಎತ್ತಿದಳು. ಏನಂತಾಳೆ ಎಂದು ನನ್ನನ್ನು ಕೇಳಿದಳು. ಹೇಗೆ ಬಂತೋ ತಿಳಿಯೋದು ಕಷ್ಟ ಅಂತಾಳೆ ಎಂದೆ. ಅಮ್ಮ ಆ ಹುಡುಗಿಯ ಕೈಮೇಲೆ ಕೈಯಿಟ್ಟು, ಸಮಾಧಾನ ಮಾಡುವ ಹಾಗೆ, ತನ್ನದೇ ಇಂಗ್ಲಿಷಿನಲ್ಲಿ ಹೇಳಿದಳು: "ನೀನು ಬಾ ಮೇ ತಿಂಗಳು. ನಾನು ಸ್ಮೆಲ್ಟ್ ಹುರೀತೀನಿ, ತುಂಬ. ಅಲ್ಲಿ ಮೆಟ್ಟಿಲು ಹತ್ರ ತೊಳೀತೀನಿ. ಕ್ಲೀನ್, ಕ್ಲೀನ್. ನಲವತ್ತು ವರ್ಷ."

ಲೋರ್ನಾ ಬಟ್ಟಲನ್ನು ಕೆಳಗಿಟ್ಟಳು. ನನ್ನನ್ನು ನೋಡಿದಳು. ನಾನು ಸಕ್ಕರೆಯ ಡಬ್ಬಿಯನ್ನು ನೋಡಿದೆ.

ನಮ್ಮ ಮೀನಿನ ಭಾನುವಾರ, ರೊಸೇರ್. ನಲವತ್ತು ವರ್ಷದಿಂದ ಅಣ್ಣ ಎರಡು ಟಬ್ಬು ಸ್ಮೆಲ್ಟ್ ತರುತ್ತಾನೆ, ಅಮ್ಮ ಸರೋವರಕ್ಕಿಳಿಯುವ ಕೊನೆಯ ಮೆಟ್ಟಿಲಿನ ಮೇಲೆ ಸ್ಟೂಲು ಹಾಕಿಕೊಂಡು ಕೂತು ಒಂದೊಂದನ್ನೂ ತೊಳೆಯುತ್ತಾಳೆ. ಬಾವಿಯ ನೀರಿನಲ್ಲಿ ಕಬ್ಬಿಣದ ರುಚಿ, ಮೀನಿಗೆ ಸರೋವರದ ನೀರೇ ಆಗಬೇಕು ಎಂದು ಹಟ. ಕರುಳನ್ನು ಒಂದು ಚೂರೂ ನೀರಿಗೆ ಎಸೆಯುವುದಿಲ್ಲ, ಕೆರೆ ಕೊಳೆಯಾಗುತ್ತದೆಂದು ಹಣ್ಣಿನ ಪೊದೆಯ ಬುಡದಲ್ಲಿ ಹೂಳಿಸುತ್ತಾಳೆ. ಅಷ್ಟು ಮಡಿ! ರೈ ಹಿಟ್ಟಿನಲ್ಲಿ ಹೊರಳಿಸಿ, ಬೆಣ್ಣೆಯಲ್ಲಿ ಗರಿಗರಿಯಾಗಿ ಹುರಿದ ಮೊದಲ ಬಾಣಲೆ ಯಾವಾಗಲೂ ನಿನಗೆ. ಊರಿಗೆ ಊರೇ ನಮ್ಮ ಅಂಗಳದಲ್ಲಿ ಬೆರಳು ನೆಕ್ಕಿದೆ. ನಿನ್ನ ಲೈಸೆನ್ಸ್ ತೆಗೆಸಲು ಕೈಯೆತ್ತಿದವರಲ್ಲಿ ಆ ಮೀನು ತಿನ್ನದವನು ಒಬ್ಬನೂ ಇಲ್ಲ.

ಲೋರ್ನಾ ಗಾಡಿ ಹತ್ತುವ ಮುಂಚೆ, ಕಾರಣ ಖಚಿತವಿಲ್ಲ ಎಂದು ಬರೆಯುತ್ತೇನೆ, ಮನೆಯ ವಿಷಯ ಮನೆಯವರಿಗೆ ಬಿಟ್ಟದ್ದು ಎಂದಳು. ಒಳ್ಳೆಯ ಹುಡುಗಿ. ಆದರೆ ಕಾರಣ ಖಚಿತವಿಲ್ಲ ಎಂದರೆ ಊರಿನ ಪಾಲಿಗೆ ಕಾರಣ ನೀನೇ ಎಂದೇ ಅರ್ಥ. ಒಳಗೆ ಬಂದರೆ ಅಮ್ಮ ಊಟದ ಪ್ರಾರ್ಥನೆ ಮಾಡುತ್ತಿದ್ದಳು. ಈಚೆಗೆ ಅದರ ಕೊನೆಗೆ ಒಂದು ಸಾಲು ಸೇರಿಸಿಕೊಂಡಿದ್ದಾಳೆ: ಕೆರೆ ಕೆಡಿಸಿದವನ ಕೈ ಬಿದ್ದುಹೋಗಲಿ, ಆಮೆನ್. ಆಮೆನ್ ಎಂದು ನಾನೂ ಹೇಳಬೇಕು. ಹೇಳದಿದ್ದರೆ ಯಾಕೆ ಎಂದು ಕೇಳುತ್ತಾಳೆ.

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ಕೂತಿದ್ದೇನೆ. ನಿನಗೆ ಹೇಳದೆ ಇರಲಾರೆ, ಹೆಸರು ಕಳೆದುಕೊಂಡವನು ನೀನು. ಏನು ಮಾಡಲಿ ಹೇಳು. ನೀನು ಹೇಳಿದ ಹಾಗೆ ಮಾಡುತ್ತೇನೆ.

ನಿನ್ನ
ಐಲಿ

~

ತೆರ್ವಾ ಸರೋವರ
5 ಮೇ 1991

ಪ್ರಿಯ ರೊಸೇರ್,

ಮತ್ತೆ ತಡವಾಯಿತು, ಈ ಸಲ ಕ್ಷಮೆ ಕೇಳುವ ಮುಖವೂ ನನಗಿಲ್ಲ. ನೀನು ಬರೆದದ್ದು ಮೂರೇ ಸಾಲು: ಮುದುಕಿಗೆ ಹೇಳಬೇಡ. ಟೌನೊಗೆ ಹೇಳು. ಅವನು ಒಳ್ಳೆಯವನು, ಸರಿಮಾಡುತ್ತಾನೆ. ಆ ಕಾಗದ ನನ್ನ ಏಪ್ರನ್ನಿನ ಜೇಬಿನಲ್ಲಿ ಒಂದು ಸಲ ಒಗೆತಕ್ಕೂ ಹೋಗಿಬಂತು.

ಮಾರ್ಚ್ ಕೊನೆಗೆ ಗುಡಿಸಲುಗಳನ್ನು ಮಂಜುಗಡ್ಡೆಯಿಂದ ಎಳೆದು ತರುವ ದಿನ ಅಣ್ಣನ ಜೊತೆ ಹೋದೆ. ಮಾತು ಬಿಟ್ಟವಳು ಹಗ್ಗ ಹಿಡಿಯಲು ಬಂದಳೆಂದು ಅವನಿಗೆ ಆಶ್ಚರ್ಯವಾಯಿತು. ಅವನು ಒಲೆಯ ಕೊಳವೆ ಬಿಚ್ಚುತ್ತಿದ್ದಾಗ ಲೋರ್ನಾ ಹೇಳಿದ್ದನ್ನೆಲ್ಲ ಹೇಳಿದೆ. ಮೊಟ್ಟೆ, ಬಕೆಟ್ಟು, ಮೆಟ್ಟಿಲು, ಎಲ್ಲ. ಅವನು ಕುಸಿದುಬೀಳುತ್ತಾನೆ ಎಂದುಕೊಂಡಿದ್ದೆ. ಅವನು ಕೊಳವೆಯ ಮಸಿ ಕೊಡವಿ, ಅದನ್ನು ಸ್ಲೆಡ್ಜಿನಲ್ಲಿಟ್ಟು, ಕೈಗವಸು ಹಾಕಿಕೊಂಡ. ಆಮೇಲೆ, ತನಗೆ ಗೊತ್ತು ಎಂದ.

ಆ ದಿನ ಟ್ರೌಟಿನ ಹೊಟ್ಟೆಯಿಂದ ಆ ವಾಸನೆ ಎದ್ದಾಗಲೇ ಗೊತ್ತಾಯಿತಂತೆ. ತಂದವನು ತಾನೇ ಅಲ್ಲವೇ? ಬೇರೆ ಯಾವುದೋ ಊರಿನಲ್ಲಿ ಹೀಗಾದದ್ದನ್ನು ಹಿಂದೊಮ್ಮೆ ಕೇಳಿದ್ದನಂತೆ. ನಮ್ಮಲ್ಲಿ ಅಷ್ಟು ಶುಚಿಯಾಗಿ ತೊಳೆಯುತ್ತೇವಲ್ಲ, ನಮಗಾಗದು ಎಂದುಕೊಂಡಿದ್ದನಂತೆ. ಅಂದರೆ ಸಭೆಯಲ್ಲಿ ಮೇಜನ್ನು ನೋಡುತ್ತ ನಿನ್ನ ತೊಟ್ಟಿಯ ಮಾತಾಡಿದಾಗ ಅವನಿಗೆ ಎಲ್ಲ ಗೊತ್ತಿತ್ತು. ನಾನು ಅವನಿಗೆ ಏನೇನು ಬೈದೆ ಎಂದು ಇಲ್ಲಿ ಬರೆದರೆ ಅಂಚೆಯವನು ಕಾಗದ ಮುಟ್ಟುವುದಿಲ್ಲ. ತಪ್ಪನ್ನು ನಿನ್ನ ಮೇಲಾದರೂ ಹಾಕಿಕೋ ಅಣ್ಣಾ, ನಾನೇ ತಂದೆ, ನಾನೇ ತೊಳೆದೆ ಅಂತ ಹೇಳು ಎಂದೆ. ಅದನ್ನೂ ಯೋಚಿಸಿದ್ದಾನೆ. ಟೌನೊ ತಂದ ಎಂದರೆ ತೊಳೆದವರು ಯಾರೆಂದು ಊರಲ್ಲಿ ಮಗುವಿಗೂ ಗೊತ್ತು. ಆ ಮೆಟ್ಟಿಲ ಮೇಲಿನ ಸ್ಟೂಲನ್ನು ಎಲ್ಲರೂ ನೋಡಿದ್ದಾರೆ. ರೊಸೇರ್ ಅಲ್ಲ ಎಂದಷ್ಟೇ ಹೇಳಿದರೂ, ಹಾಗಾದರೆ ಯಾರು ಎಂದು ಮತ್ತೆ ಶುರುವಾಗುತ್ತದೆ, ನಮ್ಮ ಅಂಗಳಕ್ಕೇ ಬಂದು ನಿಲ್ಲುತ್ತದೆ.

ಆಮೇಲೆ ಅವನು ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ನನ್ನ ಕಡೆ ನೋಡದೆ ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. "ಅಮ್ಮ ಇರೋವರೆಗೂ ಅದು ರೊಸೇರೇ ಆಗಿರ್ಲಿ ಐಲಿ. ಅವನು ತಡ್ಕೋತಾನೆ. ಅಮ್ಮ ತಡ್ಕೊಳಲ್ಲ."

ನಾನು ಹಗ್ಗದ ಇನ್ನೊಂದು ತುದಿ ಹಿಡಿದೆ. ಇಬ್ಬರೂ ಎಳೆದೆವು. ಬೇರೇನು ಮಾಡಲಿ? ಗುಡಿಸಲು ಅಲ್ಲೇ ಬಿಟ್ಟರೆ ಅದೂ ಸರೋವರದೊಳಕ್ಕೆ ಹೋಗುತ್ತಿತ್ತು. ದಡದಲ್ಲಿ ಅದನ್ನು ನಿಲ್ಲಿಸಿದ ಮೇಲೆ ಅಣ್ಣ ಒಳಗೆ ಹೋಗಿ ನಿನ್ನ ಸ್ಟೂಲಿನ ಮೇಲೆ ಕೂತು ಅತ್ತ. ಅವನನ್ನು ಸಮಾಧಾನಪಡಿಸುವಷ್ಟು ಒಳ್ಳೆಯತನ ನನ್ನಲ್ಲಿ ಉಳಿದಿರಲಿಲ್ಲ, ಹೊರಗೇ ನಿಂತಿದ್ದೆ.

ಆದರೂ ಒಂದು ಸಲ ಪ್ರಯತ್ನಿಸಿದೆ ರೊಸೇರ್. ಇದು ನಿನಗೆ ಗೊತ್ತಿರಲಿ. ಈಸ್ಟರ್ ಆದ ಮೇಲೆ ಒಂದು ಮಧ್ಯಾಹ್ನ ಅಮ್ಮನ ಪಕ್ಕ ಕೂತು, ಅಮ್ಮಾ, ಯಾರೋ ಗೊತ್ತಿಲ್ಲದೇ ಮಾಡಿರಬಹುದಲ್ಲ, ಬೇಕೆಂದು ಮಾಡಿರಲಿಕ್ಕಿಲ್ಲ ಎಂದು ಶುರುಮಾಡಿದೆ. ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಗೊತ್ತಿಲ್ಲದೇ ಮಾಡಿದವನು ಇನ್ನೂ ಪಾಪಿ ಎಂದಳು. ಗೊತ್ತಿದ್ದು ಮಾಡಿದವನಿಗೆ ಒಂದು ದಿನ ಪಶ್ಚಾತ್ತಾಪವಾದರೂ ಆಗುತ್ತದೆ, ಗೊತ್ತಿಲ್ಲದವನು ನೆಮ್ಮದಿಯಾಗಿ ನಿದ್ದೆ ಮಾಡುತ್ತಾನೆ ಎಂದಳು. ಹಾಗೆಂದು ಹೇಳಿ ಅವಳೇ ಅಲ್ಲೇ ಕುರ್ಚಿಯಲ್ಲಿ ನಿದ್ದೆಹೋದಳು. ಗಂಟುಗಂಟಾದ ಆ ಬೆರಳುಗಳು ತೊಡೆಯ ಮೇಲಿದ್ದವು. ಶಾಲು ಎಳೆದು ಮುಚ್ಚಿ ಎದ್ದುಬಂದೆ. ಇನ್ನು ಆ ಮಾತು ನನ್ನ ಬಾಯಿಂದ ಹೊರಡುವುದಿಲ್ಲ.

ಮಂಜುಗಡ್ಡೆ ಕಳೆದ ವಾರ ಒಡೆಯಿತು. ನೀರು ಎಂದಿನ ಹಾಗೆಯೇ ಕಪ್ಪಗೆ, ಚೆನ್ನಾಗಿ ಕಾಣುತ್ತದೆ. ಯಾರಾದರೂ ಹೊಸಬರು ಬಂದು ನೋಡಿದರೆ ಇದಕ್ಕೇನು ಕೇಡೆಂದು ಕೇಳಿಯಾರು. ಸುಪೀರಿಯರಿಗೆ ಸ್ಮೆಲ್ಟ್ ಬಂದಿದೆ, ಊರಿನವರು ಹೋಗಿ ತರುತ್ತಿದ್ದಾರೆ. ಅವರಿಗೆ ಅಣ್ಣ ಸಂಘದ ಹೆಸರಿನಲ್ಲಿ ಒಂದು ನಿಯಮ ಮಾಡಿದ: ಯಾವ ಮೀನನ್ನೂ ದಡದಲ್ಲಿ ತೊಳೆಯಕೂಡದು. ಕಾರಣ ಯಾರೂ ಕೇಳಲಿಲ್ಲ. ಅಧ್ಯಕ್ಷ ನಿಯಮ ಮಾಡದಿದ್ದರೆ ಅದೇ ಸುದ್ದಿ. ಲಾಯ ಕಟ್ಟಿ ಬೀಗ ಹಾಕಿದ್ದಾನೆ, ಕುದುರೆ ಹೋದ ಮೇಲೆ. ಅಮ್ಮನಿಗೆ ಮಾತ್ರ ಈ ವರ್ಷ ಸ್ಮೆಲ್ಟ್ ಬಂದೇ ಇಲ್ಲ ಎಂದು ಹೇಳಿದ್ದೇವೆ. ಬಾಣಲೆ ಉಜ್ಜಿಟ್ಟುಕೊಂಡು ಕಾಯುತ್ತಿದ್ದಳು. ಅದನ್ನೂ ನಿನ್ನ ಲೆಕ್ಕಕ್ಕೇ ಬರೆದಳು. ಒಂದು ಕೆರೆ ಕೆಡಿಸಿದವನು ದೊಡ್ಡ ಕೆರೆಯನ್ನು ಬಿಡುತ್ತಾನೆಯೇ ಎಂದಳು. ನಿನ್ನ ಹೆಸರನ್ನು ಈಗ ಹೇಳುವುದಿಲ್ಲ, "ಆ ಫ್ರೆಂಚಿನವನು" ಎನ್ನುತ್ತಾಳೆ. ಹೋದ ವರ್ಷ ನಿನ್ನ ಕಾಲುಚೀಲ ಹರಿದದ್ದಕ್ಕೆ ನನ್ನನ್ನು ಬೈದವಳು.

ನೀನು ಕೇಳಿದ ಎರಡು ಪ್ರಶ್ನೆಗೆ ಈಗ ಉತ್ತರ ಕೊಡಬೇಕು. ಲೈಸೆನ್ಸ್ ಬರಲಿಲ್ಲ, ಅದು ನಿನಗೂ ತಿಳಿಸಿರುತ್ತಾರೆ. ಅಂಗಡಿಯ ಕಿಟಕಿಗೆ ಯಾರೋ ಕಲ್ಲು ಹೊಡೆದಿದ್ದರು, ಅಣ್ಣ ತಾನೇ ಹೋಗಿ ಹೊಸ ಗಾಜು ಹಾಕಿ ಬಂದ, ಯಾರಿಗೂ ಹೇಳದೆ. ಬರಬೇಡ ರೊಸೇರ್. ಬಂದರೆ ನೀನು ಸುಮ್ಮನೆ ಇದ್ದುಬಿಡುತ್ತೀಯ, ಬಾಯಿ ಬಿಡುವುದಿಲ್ಲ, ನನಗೆ ಗೊತ್ತು. ನೀನು ಅಂಗಡಿಯಲ್ಲಿ ನಿಂತು ಕಂಡಕಂಡವರ ಮಾತು ಕೇಳಿಸಿಕೊಳ್ಳುವುದನ್ನು ನಾನು ದಿನವೂ ರಸ್ತೆಯ ಈಚೆಯಿಂದ ನೋಡಲಾರೆ. ನನ್ನ ಬಟ್ಟಲೂ ಇಲ್ಲೇ ಇರಬೇಕಾಗಿದೆ. ಆ ಫ್ರೆಂಚಿನವನ ಮನೆಗೆ ಹೋಗುತ್ತೇನೆಂದು ಅಮ್ಮನಿಗೆ ಹೇಗೆ ಹೇಳಲಿ? ಯಾಕೆ ಹೋಗಬಾರದೆಂದು ಅವಳು ಹೇಳಿದರೆ ಏನೆಂದು ಉತ್ತರ ಕೊಡಲಿ? ನೀನು ಒಮ್ಮೆಯಾದರೂ ನನ್ನ ಮೇಲೆ ಸಿಟ್ಟಾಗು. ಮೂರು ಸಾಲಲ್ಲ, ಮೂರು ಪುಟ ಬೈದು ಬರೆ.

ನಿನ್ನ ಸೊಂಟ ಗಟ್ಟಿಯಾಗಲಿ. ಮಗಳಿಗೂ ಮೊಮ್ಮಕ್ಕಳಿಗೂ ನನ್ನ ಆಶೀರ್ವಾದ ಹೇಳು. ನೀನಿರುವಲ್ಲಿ ನಿನ್ನನ್ನು ಯಾರೂ ಏನೂ ಅನ್ನದಿರಲಿ, ಅಲ್ಲಿಯ ನೀರು ನಿನಗೆ ಒಗ್ಗಲಿ. ದೇವರು ನಿನ್ನನ್ನು ಕಾಯಲಿ, ನಮ್ಮನ್ನು ಕ್ಷಮಿಸಲಿ.

ನಿನ್ನವಳೇ ಆದ
ಐಲಿ

ತಾ.ಕ.: ಮೊನ್ನೆ ಅಮ್ಮನನ್ನು ಥಂಡರ್ ಬೇ ಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದೆ, ಮೊಣಕಾಲಿಗೆ. ಡಾಕ್ಟರು ಎದೆ, ಬೆನ್ನು, ರಕ್ತ ಎಲ್ಲ ನೋಡಿದರು. ಮೊಣಕಾಲು ಬಿಟ್ಟರೆ ಅರವತ್ತರ ಹೆಂಗಸಿನ ಮೈ, ಹೃದಯವಂತೂ ಕುದುರೆಯದು, ಇನ್ನೂ ಹತ್ತು ವರ್ಷಕ್ಕೆ ಯೋಚನೆಯಿಲ್ಲ ಎಂದರು. ಅಮ್ಮ ನಕ್ಕು ಅವರ ಕೈ ಕುಲುಕಿದಳು. ನಾನು ಬಗ್ಗಿ ಅವಳ ಕೋಟಿನ ಗುಂಡಿ ಹಾಕುತ್ತಿದ್ದೆ. ರೊಸೇರ್, ನಿನಗೊಬ್ಬನಿಗೇ ಹೇಳುತ್ತೇನೆ. ಆ ಮಾತು ಕೇಳಿ ನನಗೆ ಸಂತೋಷವಾಗಲಿಲ್ಲ.